ಮೂವತ್ತಾರು ಕ್ರೆಡಿಟ್ಟು

ಫೋನು ಮಾಡುವುದೇ ನನ್ನ ಕೆಲಸ.
ಫೀನಿಕ್ಸಿನ ಹೊರವಲಯ, ಎರಡನೇ ಮಹಡಿ,
ನಲವತ್ತು ಮೇಜು, ನಲವತ್ತು ಹೆಡ್‌ಸೆಟ್ಟು,
ಕಿಟಕಿಯಾಚೆ ನವೆಂಬರಿನಲ್ಲೂ ಬೆಚ್ಚಗಿರುವ ಡಾಂಬರು.
ಮನೆಯಲ್ಲೇ ಕೂತು ಓದಿ,
ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆಯಿರಿ
ಎಂದು ಹೇಳಬೇಕು,
ಹೇಳಿ ಮೂರೆಣಿಸುವಷ್ಟು ಸುಮ್ಮನಿರಬೇಕು.
ಮೌನವನ್ನು ಜನ ತಾವೇ ತುಂಬುತ್ತಾರೆ.
ಇದು ಎರಡನೇ ಸೆಮಿಸ್ಟರಿನ ಪಾಠ.

ಆ ಸಂಜೆ ಸಿಕ್ಕವಳು ಐಲಿ ಕಂಗಾಸ್.
ಮಿಶಿಗನ್ನಿನ ಮೇಲ್ತುದಿಯ ಇಷ್ಪೆಮಿಂಗ್, ಕಬ್ಬಿಣದ ಗಣಿಯ ಊರು,
ಶಾಲೆಯ ಬಸ್ಸು ಓಡಿಸುತ್ತಾಳೆ, ವಯಸ್ಸು ನಲವತ್ತೇಳು.
ನಾನು ಸುಮ್ಮನಿದ್ದೆ. ಅವಳೂ ಸುಮ್ಮನಿದ್ದಳು.
ಮೂರೆಣಿಸಿದೆ, ಒಂಬತ್ತೆಣಿಸಿದೆ,
ಕೊನೆಗೆ ಬಾಯಿ ಬಿಟ್ಟವನು ನಾನೇ.

ಕ್ರೆಡಿಟ್ಟಿಗೆ ಐನೂರ ತೊಂಬತ್ತು ಡಾಲರು,
ಮೂವತ್ತಾರು ಕ್ರೆಡಿಟ್ಟು ಎಂದೆ.
ಕಾಗದದ ಮೇಲೆ ಪೆನ್ಸಿಲ್ಲು ಕೆರೆಯುವುದು ಕೇಳಿಸಿತು,
ಐವತ್ನಾಲ್ಕಕ್ಕೆ ನಾಲ್ಕು, ದಶಕ ಐದು...
"ಇಪ್ಪತ್ತೊಂದು ಸಾವಿರದ ಇನ್ನೂರ ನಲವತ್ತು.
ಇಷ್ಟೇನಾ, ಇದಕ್ಕೊಂದು ಬಾಲ ಇದೆಯಾ?"
ಬಾಲ ಇತ್ತು. ತಂತ್ರಜ್ಞಾನ ಶುಲ್ಕ, ಅವಧಿಗೆ ನೂರೈವತ್ತು.
ಕೊನೆಗೆ ಪದವಿಯ ಕಾಗದಕ್ಕೇ ಒಂದು ಶುಲ್ಕ.
ಬಡ್ಡಿಯ ಮಾತು ನಾನು ಎತ್ತಲಿಲ್ಲ, ಅವಳೇ ಎತ್ತಿದಳು:
"ಟ್ರಕ್ಕಿನ ಸಾಲ ತೀರಿಸಿದವಳು ನಾನು.
ನಾವು ಮಲಗಿದ ಮೇಲೂ ಅದು ನಡೆಯುತ್ತಿರುತ್ತದೆ."

ನನ್ನ ಪರದೆಯ ಮೇಲೆ ಸಂಬಳದ ಪಟ್ಟಿ, ಎಲ್ಲ ಹಸಿರು ಅಂಕಿ.
ವರ್ಷಕ್ಕೆ ತೊಂಬತ್ತು ಸಾವಿರದವರೆಗೂ, ಎಂದು ಓದಿದೆ.
'ವರೆಗೂ' ಎಂಬ ಮೂರಕ್ಷರದಲ್ಲೇ
ಈ ಕಟ್ಟಡದ ಬಾಡಿಗೆ ಹುಟ್ಟುತ್ತದೆ.

"ಓದಿದರೆ ಲೈಸೆನ್ಸು ಸಿಗುತ್ತದಾ?
ಬಾಗಿಲು ಹಾಕಿಕೊಂಡು ಒಬ್ಬರ ಕಷ್ಟ ಕೇಳುವ ಲೈಸೆನ್ಸು?"
ಕೇಳಿದರೆ ಮಾತ್ರ ಹೇಳು ಎಂದಿದೆ ನಮ್ಮ ಹಾಳೆಯಲ್ಲಿ.
ಕೇಳಿದಳು.
ಸಿಗುವುದಿಲ್ಲ ಎಂದೆ. ಅದಕ್ಕೆ ಬೇರೆ ಕೋರ್ಸು, ಅರವತ್ತು ಕ್ರೆಡಿಟ್ಟು,
ಬಿಟ್ಟಿ ದುಡಿಯುವ ನೂರಾರು ಗಂಟೆ,
ಆಮೇಲೂ ಸಾವಿರಗಟ್ಟಲೆ ಗಂಟೆ ಇನ್ನೊಬ್ಬರ ಕಣ್ಗಾವಲು.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದು ಮಾರುತ್ತೇವೆ ನಾವು,
ಅಳತೆಯೂ ಇನ್ಯಾರದೋ ತಲೆಯದು.

"ನೀನೇನು ಓದಿದ್ದೀಯ?"
ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಇದೇ, ಎಂದೆ. ಇದೇ ಮೂವತ್ತಾರು.
"ಎಷ್ಟು ಕೊಡುತ್ತಾರೆ?"
ಗಂಟೆಗೆ ಇಪ್ಪತ್ತೊಂದೂವರೆ.
"ನನಗೆ ಇಪ್ಪತ್ತಮೂರು" ಎಂದಳು, ಜಂಬದಿಂದಲ್ಲ,
ಹೊರಗೆ ಚಳಿ ಎಷ್ಟಿದೆಯೆಂದು ಹೇಳುವವರ ಹಾಗೆ.

ಆಮೇಲೆ ಹೇಳಿದಳು:
ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ,
ಅಕ್ಟೋಬರಿನಿಂದ ಒಂದು ಮಾತೂ ಆಡಿಲ್ಲ.
ದಿನಾ ಇಳಿಯುವಾಗ ಅವಳ ಕೋಟಿನ ತೋಳನ್ನು
ಒಮ್ಮೆ, ಒಂದೇ ಬೆರಳಿನಲ್ಲಿ, ಮುಟ್ಟಿ ಹೋಗುತ್ತಾನೆ.
"ಅವನಿಗೆ ಏನು ಹೇಳಬೇಕು ಅನ್ನುವುದು
ಎಷ್ಟನೇ ಕ್ರೆಡಿಟ್ಟಿನಲ್ಲಿ ಬರುತ್ತದೆ?"

ನಿಜಕ್ಕೂ ಹುಡುಕಿದೆ, ತಲೆಯೊಳಗೆ.
ಮಕ್ಕಳ ಬಗ್ಗೆ ಒಂದು ಪತ್ರಿಕೆಯಿತ್ತು,
ನಾಲ್ಕರಲ್ಲಿ ಸರಿಯಾದುದನ್ನು ಗುರುತಿಸುವ ಪ್ರಶ್ನೆಗಳು.
ನನಗೆ ತೊಂಬತ್ತೆರಡು ಬಂದಿತ್ತು.

ಕರೆಯ ಅವಧಿ ನಲವತ್ತೊಂದು ನಿಮಿಷ.
ಮೇಲಿನವರು ಎರಡು ಸಲ ಬಂದು ಬೆನ್ನ ಹಿಂದೆ ನಿಂತು ಹೋದರು.
ಫಲಿತಾಂಶಕ್ಕೆ ಐದೇ ಗುಂಡಿ:
ಸೇರುತ್ತಾರೆ, ಯೋಚಿಸುತ್ತಾರೆ, ಬೇಡವಂತೆ,
ತಪ್ಪು ನಂಬರು, ಮತ್ತೆ ಕರೆಯಿರಿ.
ಐದನೆಯದನ್ನು ಒತ್ತಿದೆ.
ಕಾರಣ ಎಂಬ ಖಾನೆಯಲ್ಲಿ
'ಹುಡುಗ ಮಾತಾಡಿದನಾ' ಎಂದು ಬರೆದೆ,
ಅಳಿಸಲಿಲ್ಲ.