ತಪ್ಪು ತುದಿಯಿಂದ

ಬಂದರಿನ ಧಕ್ಕೆಯ ಹತ್ತಿರ, ಒಣಮೀನಿನ ಗೋದಾಮಿಗೆ ಬೆನ್ನು ಕೊಟ್ಟು
ಮೋನಾಕ ಹಳೇ ಪುಸ್ತಕ ಹರಡುತ್ತಾರೆ ಪ್ಲಾಸ್ಟಿಕ್ ಶೀಟಿನ ಮೇಲೆ:
ಡಿಪ್ಲೊಮಾ ಗೈಡುಗಳು, ಬೈಬಲು, ಯಾರದೋ ಮದುವೆಯ ಆಲ್ಬಮ್ಮು,
ಅದರಡಿಯಲ್ಲಿ ಜಪಾನಿನ ಒಂದು ಮಾಂಗಾ, ಯುದ್ಧದ್ದು, ಒಂಬತ್ತನೇ ಭಾಗ.
"ಮೂವತ್ತು ಕೊಡಿ. ಸ್ವಲ್ಪ ನೆನೆದದ್ದುಂಟು."

ಬಲದಿಂದ ಓದಬೇಕು ಅಂತ ನನಗೆ ಗೊತ್ತಿರಲಿಲ್ಲ.
ನಮ್ಮ ರೂಢಿಯಂತೆ ಎಡದಿಂದ ತೆರೆದೆ,
ಹಾಗಾಗಿ ಮೊದಲು ಸಿಕ್ಕಿದ್ದು ಅವನ ಹೆಣ.

ಕ್ಯಾಪ್ಟನ್ ಮೊರಿಕಾಗೆ. ಕೆಸರಲ್ಲಿ ಕವುಚಿ ಬಿದ್ದಿದ್ದಾನೆ,
ಒಂದು ಬೂಟು ಇಲ್ಲ. ಸುತ್ತ ನಿಂತವರು ಯಾರೂ ಟೊಪ್ಪಿ ತೆಗೆದಿಲ್ಲ.
ಪುಟ ಮಗುಚಿದೆ. ಎದ್ದ.
ಗುಂಡು ಅವನೆದೆಯಿಂದ ಹೊರಟು ಯಾವನೋ ಹುಡುಗನ ನಳಿಗೆಗೆ ವಾಪಸು ಹೋಯಿತು.
ಹೊಗೆ ಕುಗ್ಗಿ ಕುಗ್ಗಿ ಒಂದು ಬೆಂಕಿಕಡ್ಡಿಯೊಳಗೆ ಸೇರಿತು.
ಹೊಳೆಯಿಂದ ಮರದ ತುಂಡುಗಳು ಮೇಲೆದ್ದು ಸೇತುವೆಯಾದವು,
ಸೇತುವೆಯ ತುಂಬ ಜನ, ಮಡಕೆ, ಕಂಬಳಿ, ಕಂಕುಳಲ್ಲಿ ಕೋಳಿ,
ಒಣ ಬಟ್ಟೆಯಲ್ಲಿ ಹಿಂದು ಹಿಂದಕ್ಕೆ ನಡೆಯುತ್ತ, ಮನೆಗೆ.
ಅವನ ಕೈ ಇಳಿಯಿತು. ಬಾಯಿ ಮುಚ್ಚಿತು.
ಕೊಟ್ಟ ಆಜ್ಞೆ ಕೊಡದ್ದಾಯಿತು.

ಆ ಒಂದು ಚೌಕದಲ್ಲಿ ಮಾತ್ರ ಚಿತ್ರಗಾರ ಅವನಿಗೆ ಕಣ್ಣು ಬರೆದಿಲ್ಲ.
ಟೊಪ್ಪಿಯ ನೆರಳು, ಅದರಡಿ ಒಂದು ಮೂಗು.
ಮುಗಿದದ್ದು ಶಾಯಿಯೋ, ಧೈರ್ಯವೋ.

ಕೊನೆಗೆ, ಅಂದರೆ ಸುರುವಿಗೆ, ಅಂಚು ಕಪ್ಪಾದ ನೆನಪಿನ ಪುಟಗಳಲ್ಲಿ
ಅಪ್ಪನ ಬೂಟು ಹಾಕಿದ ಒಬ್ಬ ಸಣ್ಣ ಹುಡುಗ
ನೆರೆನೀರಲ್ಲಿ ಸೊಂಟದವರೆಗೆ ನಿಂತು ಲಾಟೀನು ಎತ್ತಿ ಹಿಡಿದಿದ್ದ,
ಊರಿನವರನ್ನು ಒಬ್ಬೊಬ್ಬರಾಗಿ ದಾಟಿಸುತ್ತಿದ್ದ.
ಅದೇ ಹೊಳೆ. ಸೇತುವೆ ಇನ್ನೂ ಕಟ್ಟಿರಲಿಲ್ಲ.

ತಲೆಯೆತ್ತಿದೆ. ಬೆಂಗ್ರೆಯ ದೋಣಿ ಬರುತ್ತಿತ್ತು.

ಧಕ್ಕೆಯ ಗೂಡಿನಲ್ಲಿ ಕರುಣಾಕರ ಪುತ್ರನ್ ಟಿಕೇಟು ಹರಿಯುತ್ತಾರೆ.
ಮುಖ ನೋಡುವುದಿಲ್ಲ, ಕೈಗಳನ್ನಷ್ಟೇ ಗುರುತಿಸುತ್ತಾರೆ.
ಒಂದು ಕಾಲದಲ್ಲಿ ದೋಣಿ ಅವರದ್ದೇ.
ಅಳಿವೆಯಲ್ಲಿ ಮಗುಚಿದ ಬೋಟಿನಿಂದ ಏಳು ಜನರನ್ನು ಎಳೆದು ತಂದವರು;
ಅದಕ್ಕೊಂದು ಶಾಲು, ಹಿತ್ತಾಳೆಯ ತಟ್ಟೆ, ಪೇಪರಿನಲ್ಲಿ ಫೋಟೊ.

ಆಮೇಲೆ ಆ ಕರ್ಫ್ಯೂವಿನ ರಾತ್ರಿ.
ಪೇಟೆ ಕಡೆಯಿಂದ ಟಯರು ಸುಟ್ಟ ವಾಸನೆ. ದೀಪ ಇಲ್ಲ.
ದೋಣಿಯಲ್ಲಿ ನಾವು ಇಪ್ಪತ್ತೋ ಇಪ್ಪತ್ತೈದೋ,
ನನಗೆ ಒಂಬತ್ತು ವರ್ಷ, ಮಡಿಲಲ್ಲಿ ಒಂದು ಗೋಡೆಗಡಿಯಾರ,
ಯಾರು ಯಾಕೆ ಕೊಟ್ಟರೋ.
ಹೆಜ್ಜೆಸದ್ದು ಕೇಳಿತು. ಓಡುವವರದ್ದೋ ಓಡಿಸುವವರದ್ದೋ,
ಕತ್ತಲಲ್ಲಿ ಎರಡಕ್ಕೂ ಒಂದೇ ಲಯ.
"ನಿಲ್ಲಿಸಿ, ನಾವೂ ಇದ್ದೇವೆ" ಅಂದಿತು ಒಂದು ದನಿ.
ಪುತ್ರನ್ ಹಗ್ಗ ಬಿಚ್ಚಲಿಲ್ಲ. ಕಡಿದರು.

ಆ ಸದ್ದು ಈ ಪುಸ್ತಕದಲ್ಲಿದೆ,
ಯಾರೂ ಅನುವಾದಿಸದೆ ಬಿಟ್ಟ ಜಪಾನಿ ಅಕ್ಷರದಲ್ಲಿ, ಪುಟದುದ್ದ, ಕಪ್ಪು.
ಅದೊಂದನ್ನು ನಾನು ಓದಬಲ್ಲೆ.

ಧಕ್ಕೆಯಲ್ಲಿ ಉಳಿದದ್ದು ಮೂವರು. ಬೆಳಿಗ್ಗೆ ಇಬ್ಬರು ಸಿಕ್ಕಿದರು.
ಸಿಗದವನು ಅದ್ದು, ಮೋನಾಕರ ತಮ್ಮ.

ಬೆಂಗ್ರೆಯಲ್ಲಿ ಆ ವಾರ ಪುತ್ರನ್ನರಿಗೆ ಮಾಲೆ ಹಾಕಿದರು,
ನನ್ನಮ್ಮನೂ ಹಾಕಿದಳು. ಅವರು ಅದನ್ನು ತೆಗೆದು
ದೋಣಿಯ ಮೂತಿಗೆ ತೊಡಿಸಿದರು. ಮರುದಿನ ದೋಣಿ ಮಾರಿದರು.

ವಿಲನ್ ಅನ್ನಲು ನನಗೆ ಬಾಯಿ ಬರುವುದಿಲ್ಲ,
ಇದು ಅವರು ದಾಟಿಸಿದ ಬಾಯಿ.
ಹೀರೋ ಅನ್ನೋಣವೆಂದರೆ
ಮೋನಾಕ ಇಲ್ಲೇ, ಮೂರು ಮಾರು ದೂರದಲ್ಲಿ, ಚಿಲ್ಲರೆ ಎಣಿಸುತ್ತಿದ್ದಾರೆ.

ಆ ರಾತ್ರಿಯನ್ನೂ ಎಡದಿಂದ ಓದಿ ನೋಡಿದೆ:
ಹಗ್ಗದ ಎರಡು ತುದಿ ಕೂಡಿದವು, ದೋಣಿ ಹಿಮ್ಮುಖವಾಗಿ ಧಕ್ಕೆಗೆ ತಾಗಿತು.
ಆದರೆ ಅದ್ದು ಹತ್ತುವುದಿಲ್ಲ.
ಹಿಂದು ಹಿಂದಕ್ಕೆ ಓಡಿ ಪೇಟೆಗೇ ಹೋಗುತ್ತಾನೆ,
ಬೆಂಕಿಯ ಕಡೆಗೆ.

ಸಂಜೆ ಆರಕ್ಕೆ ಮೋನಾಕ ಶೀಟು ಮಡಚಿ ಗೂಡಿನ ಮುಂದೆ ಕೈಚಾಚುತ್ತಾರೆ.
ಇಪ್ಪತ್ತೆರಡು ವರ್ಷದಿಂದ ಲೆಕ್ಕದ ಚಿಲ್ಲರೆ, ಒಂದು ಟಿಕೇಟು, ಮಾತಿಲ್ಲ.
ಇವತ್ತು ಪುತ್ರನ್ ತಗ್ಗಿದ ತಲೆಯಲ್ಲೇ ಕೇಳಿದರು:
"ವ್ಯಾಪಾರ ಆಯಿತಾ?"

"ಒಂದು ಹೋಯಿತು. ಒಂಬತ್ತನೇದ್ದು" ಅಂದರು ಮೋನಾಕ.
"ಹತ್ತನೇದ್ದು ನನ್ನ ಹತ್ತಿರ ಇಲ್ಲ."