ನಾಲ್ಕೇ ಕಿಲೋಮೀಟರು

ಆರನೆಯ ಬೆಳಗ್ಗೆ ಹಜೀರಾ ನನ್ನ ಹಿಮ್ಮಡಿ ನೋಡಿದಳು,
ಏನೂ ಅನ್ನಲಿಲ್ಲ; ನಕ್ಷೆ ಮಡಚಿಟ್ಟಳು.
"ಇವತ್ತು ನಾಲ್ಕೇ ಕಿಲೋಮೀಟರು. ಅದೂ ಇಳಿಜಾರು."
ಎದ್ದು ಕೂತಿದ್ದ ಲ್ಯಾನ್ಸಿ ಮತ್ತೆ ಮಲಗಿದ.

ಬಿಸಿಲು ಎದುರಿನ ಬಂಡೆಯ ನೆತ್ತಿಯಿಂದ
ನಮ್ಮ ಟೆಂಟಿನ ಬಾಯಿಗೆ ಇಳಿದು ಬರುವ ತನಕ
ಕಾದೆವು. ಅದಕ್ಕೂ ಅವಸರವಿರಲಿಲ್ಲ.

ಹಾದಿ ಹಳೆಯದು, ಕತ್ತೆಗಳದ್ದು.
ಒಣಮೀನು, ನಿಂಬೆ, ಒಮ್ಮೊಮ್ಮೆ ಮದುಮಗಳು
ಹೀಗೇ ಬೆಟ್ಟ ದಾಟಿರಬೇಕು.
ಈಗ ಕಲ್ಲಿನ ಮೇಲೆ ಮೂರು ಪಟ್ಟಿ: ಹಳದಿ, ಬಿಳಿ, ಕೆಂಪು.
ಐದು ದಿನ ಅವನ್ನು ಹುಡುಕಿಕೊಂಡು ನಡೆದಿದ್ದೆವು
ತಲೆಮರೆಸಿಕೊಂಡ ಸಾಲಗಾರನನ್ನು ಹುಡುಕುವ ಹಾಗೆ.
ಇವತ್ತು ಅವೇ ಒಂದೊಂದಾಗಿ
ಎದುರಿಗೆ ಬಂದು ನಿಂತವು.

ಹತ್ತು ಗಂಟೆಗೆಲ್ಲ ಬಲದ್ ಸೀತ್.
ಬೆಟ್ಟದ ಮಡಿಲಲ್ಲಿ ಮಣ್ಣಿನ ಬಣ್ಣದ ಮನೆಗಳು,
ಕೆಳಗೆ ಕಂಬಳಿ ಹಾಸಿದಷ್ಟಗಲದ ಗದ್ದೆಗಳು,
ಬೆಳ್ಳುಳ್ಳಿ, ಕುದುರೆಮಸಾಲೆ ಸೊಪ್ಪು,
ಖರ್ಜೂರದ ಬುಡದಲ್ಲಿ ಮೊಳದಗಲದ ಕಾಲುವೆ. ಫಲಜ್.
ಬೂಟು ಬಿಚ್ಚಿ ಕಾಲಿಡಲು ಹೋದೆ.
ಸೊಪ್ಪು ಕೊಯ್ಯುತ್ತಿದ್ದ ಶಫಿಕುಲ್ ಕುಡುಗೋಲು ಎತ್ತಿ ಕೂಗಿದ:
"ಅಣ್ಣಾ, ಅದು ಕುಡಿಯೋ ನೀರು! ಕೆಳಗೆ ಬನ್ನಿ, ಕೆಳಗೆ!"
ನಾಚಿಕೆಯಿಂದ ಕುಂಟುತ್ತಾ ಕೆಳಗೆ ಹೋದೆ.

ಅಲ್ಲಿ ಬೆರಳುದ್ದವಿಲ್ಲದ ಮೀನುಗಳು
ನನ್ನ ಬೊಕ್ಕೆಯ ಸತ್ತ ಚರ್ಮವನ್ನು
ಮುಜುಗರವಿಲ್ಲದೆ ತಿನ್ನತೊಡಗಿದವು.
ಎಣಿಸಿದೆ. ಅಭ್ಯಾಸ.

ಸೊಹಾರ್ ಬಂದರಿನಲ್ಲಿ ನಾನು ಕ್ರೇನಿನವನು.
ನಲವತ್ತು ಮೀಟರು ಮೇಲೆ, ಗಾಜಿನ ಡಬ್ಬಿಯಲ್ಲಿ ಬಗ್ಗಿ ಕೂತು
ಎರಡು ಪಾದಗಳ ನಡುವೆ ಹಡಗಿನ ಹೊಟ್ಟೆ ನೋಡುತ್ತಾ
ಗಂಟೆಗೆ ಇಪ್ಪತ್ತೆಂಟು ಕಂಟೇನರು.
ಇಪ್ಪತ್ತೈದಕ್ಕೆ ಇಳಿದರೆ ರೇಡಿಯೋ ನನ್ನ ನಂಬರು ಕರೆಯುತ್ತದೆ.
ಹನ್ನೊಂದು ವರ್ಷದಲ್ಲಿ
ಒಂದರೊಳಗೂ ಏನಿತ್ತೆಂದು ಕಂಡಿಲ್ಲ.

ಮೀನನ್ನು ಹದಿನಾರಕ್ಕೆ ಬಿಟ್ಟುಬಿಟ್ಟೆ.
ನಿಲ್ಲುವುದಿಲ್ಲ ಅವು, ಒಂದನ್ನೇ ಎರಡು ಸಲ ಎಣಿಸಿದ್ದೆ.

ಖಲ್ಫಾನ್ ಬಂದರು, ಕೈಯಲ್ಲಿ ಥರ್ಮಾಸು,
ಕಂಕುಳಲ್ಲಿ ಖರ್ಜೂರದ ಡಬ್ಬಿ.
ಏಲಕ್ಕಿ ಮುಂದಾಗಿ, ಕಾಫಿ ಅದರ ಹಿಂದೆ.
ಎದುರಿನ ಬಯಲಿನಲ್ಲಿ ನೆಟ್ಟ ಕೋಲು ತೋರಿಸಿದರು:
ನೆರಳು ಈ ಕಲ್ಲಿನಿಂದ ಆ ಕಲ್ಲಿಗೆ ಹೋದರೆ ಒಂದು ಪಾಲು,
ಅರ್ಧ ಗಂಟೆಯ ನೀರು.
"ಈಗ ಯಾರ ನೀರು?" ಹಜೀರಾ ಅರಬ್ಬಿಯಲ್ಲಿ ಕೇಳಿ
ಉತ್ತರವನ್ನು ನಮಗೆ ದಾಟಿಸಿದಳು.

ಅವರ ತಂಗಿಯದಂತೆ, ರಯ್ಯಾಳದು.
ಮಸ್ಕತ್ತಿಗೆ ಹೋಗಿ ಇಪ್ಪತ್ತು ವರ್ಷ,
ಗದ್ದೆ ಬೀಳು ಬಿದ್ದಿದೆ, ನೋಡಿ, ಆ ಮುಳ್ಳುಗಿಡ ಇರುವಲ್ಲಿ.
ನೀರು ಮಾತ್ರ ವಾರಕ್ಕೊಮ್ಮೆ ಅವಳ ಹೆಸರಿನಲ್ಲಿ ಬರುತ್ತದೆ,
ಅರ್ಧ ಗಂಟೆ ಇರುತ್ತದೆ, ಹೋಗುತ್ತದೆ.

"ನೀವು ತಿರುಗಿಸಿಕೊಳ್ಳಬಹುದಲ್ಲ?" ಅಂದ ಲ್ಯಾನ್ಸಿ.
ಮುದುಕ ಅವನನ್ನು ಹೇಗೆ ನೋಡಿದರೆಂದರೆ
ಲ್ಯಾನ್ಸಿ ಇನ್ನೊಂದು ಖರ್ಜೂರ ತೆಗೆದುಕೊಂಡ.

ನಾನು ಬೆನ್ನು ಚೆಲ್ಲಿದೆ.
ಬೋರೆ ಮರದ ನೆರಳು. ಅದೇ ಎಲೆ, ಅದೇ ಮುಳ್ಳು,
ಹಣ್ಣು ಮಾತ್ರ ಚಿಕ್ಕದು; ಕಚ್ಚಿದರೆ
ಶಾಲೆಯ ಗೇಟಿನ ಹೊರಗಿನ ಉಪ್ಪು ಖಾರ ಇಲ್ಲದ ರುಚಿ.
ಕಾಲು ನೀರಿನಲ್ಲೇ ಇತ್ತು,
ಯಾರಿಗೂ ಬೇಡದ, ಯಾರೂ ಮುಟ್ಟದ
ರಯ್ಯಾಳ ಅರ್ಧ ಗಂಟೆಯಲ್ಲಿ.
ಅವಳನ್ನು ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ.

ನಿದ್ದೆ ಬಂದಿರಬೇಕು. ಎಚ್ಚರಾದಾಗ
ಕೋಲಿನ ನೆರಳು ಎಷ್ಟೋ ಕಲ್ಲು ದಾಟಿತ್ತು,
ಆಡೊಂದು ನನ್ನ ಸಾಕ್ಸು ಅಗಿಯುತ್ತಿತ್ತು,
ಲ್ಯಾನ್ಸಿ ಮೂವರು ಹುಡುಗರಿಗೆ ಇಸ್ಪೀಟಿನಲ್ಲಿ ಸೋಲುತ್ತಾ
ಮೋಸ ಮೋಸ ಎಂದು ಕೊಂಕಣಿಯಲ್ಲಿ ಕೂಗುತ್ತಿದ್ದ.

ಸಂಜೆ ಹಜೀರಾ ಹಿಮ್ಮಡಿಗೆ ಪಟ್ಟಿ ಕಟ್ಟಿದಳು.
"ನಾಳೆ ಎಷ್ಟು?"
"ಹತ್ತೊಂಬತ್ತು. ಏರು."
ಯಾರೂ ಮಾತಾಡಲಿಲ್ಲ.

ಕೆಳಗೆ ಶಫಿಕುಲ್ ಒಂದು ಕಿಂಡಿಗೆ ತುರುಕಿದ್ದ
ಹಳೆಯ ಲುಂಗಿಯನ್ನು ಎಳೆದು ತೆಗೆದ,
ಇನ್ನೊಂದಕ್ಕೆ ತುರುಕಿ, ಕಲ್ಲು ಇಟ್ಟ.
ನೀರು ಒಂದು ಕ್ಷಣ ತಡವರಿಸಿ
ಬೆಳ್ಳುಳ್ಳಿಯ ಕಡೆ ಹೊರಳಿತು.