ಷರಾ ಕಾಲಂ

ಹನ್ನೊಂದು ಪುಸ್ತಕ, ಮೊಟ್ಟೆಯಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ.
ಆಟೋದವನು ಮೀಟರಿನ ಮೇಲೆ ಮೂವತ್ತು ಕೇಳಿದ,
ಒಲಿವ್ ಮೇಡಂ ಚೌಕಾಸಿ ಮಾಡದೆ ಕೊಟ್ಟರು.
'ತಮ್ಮಂದು. ನೋಯೆಲ್‌ದು.
ಗುಜರಿಗೆ ಹಾಕಕ್ಕೆ ಮನಸ್ಸು ಬರ್ಲಿಲ್ಲಮ್ಮ.'

ಕಾಕ್ಸ್ ಟೌನಿನ ನಮ್ಮ ಶಾಖೆಗೆ
ಬೆಳಗ್ಗೆ ಪೇಪರಿನ ಪೆನ್ಷನ್‌ದಾರರು,
ಆಮೇಲೆ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಯವರು,
ಫ್ಯಾನಿನ ಕೆಳಗಿನ ಕುರ್ಚಿಗೆ ಕರ್ಚೀಫು ಹಾಸಿ ಸೀಟು ಹಿಡಿಯುವವರು.
ರಟ್ಟಿನ ಮೇಲೆ ಕೂದಲು ಕೆದರಿಕೊಂಡ ನಾಲ್ವರನ್ನು ಕಂಡು
ಹೊನ್ನೂರಪ್ಪ ಕೇಳಿದ: 'ಇದನ್ನ ಯಾರು ಓದ್ತಾರೆ ಮೇಡಂ?'
ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ
ಆತ ಹಾಗೆ ಕೇಳದ ಪುಸ್ತಕ ಒಂದೇ,
ರೈಲ್ವೆ ವೇಳಾಪಟ್ಟಿ.

ರಾಕ್ ಅಂದರೆ ಕಲ್ಲು ತಾನೆ ಎಂದು
ಎರಡನ್ನು ಒಯ್ದು ಭೂಗರ್ಭಶಾಸ್ತ್ರದ ಪಕ್ಕ ಇಟ್ಟ.
ನಗದೆ ವಾಪಸು ತಂದೆ.
ಲಾಲ್‌ಬಾಗಿನ ಬಂಡೆಗೆ ಕಿವಿ ಹಚ್ಚಿದರೆ
ಒಳಗೇನೋ ಗುಂಯ್‌ಗುಡುತ್ತದೆಂದು
ಮೂರನೇ ಕ್ಲಾಸಿನವರೆಗೂ ನಂಬಿದ್ದವಳು,
ಯಾವ ಬಾಯಲ್ಲಿ ನಗಲಿ?

ಏಳುನೂರ ಎಂಬತ್ತೊಂದು, ಬಿಂದು, ಆರು, ಆರು.
ಈ ಸಂಖ್ಯೆಯನ್ನು ನಮ್ಮ ವಹಿಯಲ್ಲಿ ಯಾರೂ ಬರೆದಿರಲಿಲ್ಲ.
ಎರಡನೆಯ ಆರಕ್ಕೆ ಪೆನ್ನು ತುಸು ತಡವರಿಸಿತು.

ಗೀಚಿದ, ಹರಿದ, ಹುಳು ತಿಂದ ಪುಸ್ತಕಗಳನ್ನು
ದಾನವಾಗಿ ಸ್ವೀಕರಿಸತಕ್ಕದ್ದಲ್ಲ,
ಸುತ್ತೋಲೆಯಿದೆ, ಗೋಡೆಗೇ ಅಂಟಿಸಿದ್ದೇವೆ.
ಅದಕ್ಕೇ ರಬ್ಬರು ಹಿಡಿದು ಕೂತೆ.
ಅಂಚಿನುದ್ದಕ್ಕೂ ಪೆನ್ಸಿಲು:
ಇದು ಸುಳ್ಳು. ಇದು ಹೌದು.
ಈ ರೆಕಾರ್ಡು ಕೇಳುತ್ತ ಶಿಫ್ಟು ತಪ್ಪಿತು, ಅರ್ಧ ದಿನದ ಸಂಬಳ ಖೋತಾ.
ಹಗಲು ಟೆಲಿಫೋನ್ ಕಾರ್ಖಾನೆಯಲ್ಲಿ ಬೆಸುಗೆ,
ರಾತ್ರಿ ಬೇಸ್ ಗಿಟಾರು. ಇಂಗ್ಲಿಷಿನ ನಡುವೆ
ಅಚ್ಚ ಶಿವಾಜಿನಗರದ ಒಂದೆರಡು ಬೈಗುಳ.
ಆ ಎರಡನ್ನು ಮಾತ್ರ ಅಳಿಸಿದೆ.

ದಪ್ಪ ಪುಸ್ತಕ, ಜಗತ್ತಿನ ಚರಿತ್ರೆ ಅನ್ನುತ್ತದೆ ಬೆನ್ನು.
ಹಿಂದಿನ ಸೂಚಿಯಲ್ಲಿ ಊರುಗಳ ಹೆಸರು:
ಬಾಲ್ಟಿಮೋರ್ ಆದಮೇಲೆ ನೇರ ಬಾರ್ಸಿಲೋನಾ.
ನಡುವಿನ ಕೂದಲೆಳೆಯ ಸಂದಿಯಲ್ಲಿ
ಮೊನಚು ಸೀಸದಲ್ಲಿ ಒಬ್ಬ ಬರೆದಿದ್ದಾನೆ
ಬ್ಯಾಂಗಲೋರ್, ಪುಟ ೪೧೩ ನೋಡಿ.

ಪುಸ್ತಕ ಮುಗಿಯುವುದು ೪೧೨ಕ್ಕೆ.

ಆಮೇಲಿನದು ಖಾಲಿ ಹಾಳೆ, ಅದರ ಬೆನ್ನು,
ರಟ್ಟಿನ ಒಳಮೈ. ಮೂರಕ್ಕೂ ಅಂಕಿ ಹಾಕಿಕೊಂಡು
ಇರುವೆ ಸಾಲಿನಂತೆ ಹಿಡಿಸಿದ್ದಾನೆ:
ಡ್ರಮ್ಮು ದೊರೆಕಣ್ಣು. ಅಪ್ಪ ಹೆಣದ ಮುಂದೆ ತಮಟೆ ಬಡಿಯುತ್ತಿದ್ದ,
ಮಗ ನಮಗೆಲ್ಲ ತಾಳ ಅಂದರೇನೆಂದು ತೋರಿಸಿದ.
ಬಸ್ಸಿನ ಟಾಪಿನಲ್ಲಿ ಡ್ರಮ್ಮು, ಟಾರ್ಪಾಲಿಗೆ ಎರಡು ರೂಪಾಯಿ.
ಈಸ್ಟರಿನ ಮರುದಿನ, ಚರ್ಚ್ ಹಾಲು, ಎರಡನೇ ಹಾಡಿಗೆ ಕರೆಂಟು ಹೋಯಿತು.
ದೊರೆ ನಿಲ್ಲಿಸಲಿಲ್ಲ. ಕತ್ತಲಲ್ಲಿ ನೂರಾ ನಲವತ್ತು ಜನ
ಕಾಲಲ್ಲೇ ನೆಲ ಕುಟ್ಟಿ ಹಾಡು ಮುಗಿಸಿದರು.
ಕೊನೆಯ ಸಾಲಿಗೆ ಜಾಗ ಸಾಲದೆ
ಅಕ್ಷರ ಮೂಲೆಗೆ ತಿರುಗಿ, ಮೇಲಕ್ಕೆ ಹತ್ತಿ,
ಬೆಲೆ ಚೀಟಿಯ ಕೆಳಗೆಲ್ಲೋ ನುಸುಳಿದೆ.

ರಬ್ಬರನ್ನು ಡ್ರಾಯರಿಗೆ ಹಾಕಿದೆ.
ಪರಿಗ್ರಹಣ ವಹಿಯಲ್ಲಿ, ಪುಟಗಳ ಕಾಲಂ: ೪೧೨ + ೩.
ಷರಾ ಕಾಲಮಿನಲ್ಲಿ ಏನೂ ಬರೆಯಲಿಲ್ಲ.
ಆಡಿಟಿನವರು ಕೂಡಿಸುತ್ತಾರೆ, ಓದುವುದಿಲ್ಲ.

ಆರು ತಿಂಗಳು ಗೆದ್ದಲಿಗೂ ಬೇಡವಾಗಿ ನಿಂತಿತ್ತು.
ಮೊನ್ನೆ ಯಾರೋ ಒಯ್ದರು, ಹೊನ್ನೂರಪ್ಪನ ಡ್ಯೂಟಿಯಲ್ಲಿ,
ಗಡುವಿಗೆ ಎರಡು ದಿನ ಮುಂಚೆಯೇ ತಂದುಕೊಟ್ಟರು.
ಪದ್ಧತಿಯಂತೆ ಪುಟ ತಿರುಗಿಸಿ ನೋಡಿದೆ.
೪೧೪ರ ಅಂಚಿನಲ್ಲಿ, ನೀಲಿ ಬಾಲ್‌ಪೆನ್ನು,
ಕೈ ನಡುಗುವವರ ಗುಂಡು ಕನ್ನಡ:

'ಎರಡನೇ ಹಾಡಿಗೆ ಅಲ್ಲ. ಮೂರನೇದಕ್ಕೆ.'

ಗೀಚಿದ್ದಕ್ಕೆ ದಂಡ ಹತ್ತು ರೂಪಾಯಿ.
ಕಾರ್ಡಿನ ನಂಬರು ಹುಡುಕುತ್ತಿದ್ದೇನೆ.
ವಸೂಲಿಗೆ ಕರೆಸಬೇಕು, ಕೂರಿಸಬೇಕು,
ಫ್ಯಾನಿನ ಕೆಳಗಿನ ಕುರ್ಚಿಯಲ್ಲೇ.